ಮನೆಯಲ್ಲಿ ಕೂರಿ ಅಂದವರು ಕೂತವನ ಕೂಲಿ ಕೊಟ್ಟರೇ?



ಕೊಳೆರೋಗಕ್ಕೆ ಯಾವಾಗ ಮದ್ದು ಬಿಡಬೇಕು ಅಂತ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಕಾಯಿ ಉದುರಲು ಸುರುವಾದ ಮೇಲೆ ಪಂಪು ಹೊತ್ತುಕೊಂಡು ಓಡಿದರೆ ಕೈಗೆ ಏನೂ ಸಿಗುವುದಿಲ್ಲ ಅಂತ ನಮಗೆ ಗೊತ್ತು. ಪಕ್ಕದ ತೋಟದವನು ಮದ್ದು ಬಿಡದಿದ್ದರೆ ನಮ್ಮ ತೋಟಕ್ಕೂ ಗಂಡಾಂತರ ಅಂತಲೂ ಗೊತ್ತು. ಆದ್ದರಿಂದ ಹಳ್ಳಿಯವರಿಗೆ ಮುನ್ನೆಚ್ಚರಿಕೆ ಅಂದರೆ ಏನು ಅಂತ ತಿಳಿಯದು, ಅವರಿಗೆ ಬುದ್ಧಿ ಹೇಳಬೇಕು ಅನ್ನುವವರ ಮಾತನ್ನು ಮೊದಲು ಬದಿಗಿಡಿ.

ನಮಗೆ ಗೊತ್ತಿರುವ ಇನ್ನೊಂದು ಸಂಗತಿ ಉಂಟು. ಅದು ಬುದ್ಧಿ ಹೇಳುವವರಿಗೆ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಮುನ್ನೆಚ್ಚರಿಕೆಗೆ ಖರ್ಚು ಉಂಟು. ಮೈಲುತುತ್ತಿಗೆ ದುಡ್ಡು ಬೇಕು, ಸುಣ್ಣಕ್ಕೆ ದುಡ್ಡು ಬೇಕು, ಮರ ಹತ್ತುವವನಿಗೆ ದುಡ್ಡು ಬೇಕು. ಆ ದುಡ್ಡಿಗಾಗಿಯೇ ಮೇ ತಿಂಗಳಲ್ಲಿ ಸೊಸೈಟಿಯ ಬಾಗಿಲಲ್ಲಿ ನಿಲ್ಲುತ್ತೇವೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮಲೆನಾಡಿನಲ್ಲಿ ಕೊಳೆರೋಗದ ಕಾರಣ ಹುಡುಕಿದ, ಬೋರ್ಡೋ ದ್ರಾವಣ ಸಿಂಪಡಿಸಿದರೆ ರೋಗ ನಿಲ್ಲುತ್ತದೆ ಅಂತ ತೋರಿಸಿದ. ರೈತರು ಮದ್ದು ಬಿಡಲು ಸುರು ಮಾಡಿದ್ದು ಭಾಷಣ ಕೇಳಿ ಅಲ್ಲ. ಖರ್ಚಿಗಿಂತ ಉಳಿಯುವ ಫಸಲು ಹೆಚ್ಚು ಅಂತ ಲೆಕ್ಕ ಕೂಡಿ ಬಂದ ಮೇಲೆ. ಲೆಕ್ಕ ಕೂಡದ ಎಚ್ಚರಿಕೆಯನ್ನು ಯಾವ ರೈತನೂ ಪಾಲಿಸಲಾರ. ಕೊರೊನಾ ಕಾಲದಲ್ಲಿ ನಮ್ಮ ಕಿವಿಗೆ ಬಿದ್ದ ಎಚ್ಚರಿಕೆಯಲ್ಲಿ ಇಲ್ಲದೆ ಹೋದದ್ದು ಈ ಲೆಕ್ಕವೇ.

ಫೋನಿನೊಳಗಿನ ಕೆಮ್ಮು

ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಮಹಾಮಾರಿ ಅಂತ ಸಾರಿತು. ದೇಶದಲ್ಲಿ ಈ ರೋಗದ ಮೊದಲ ಸಾವು ಆದದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ. ಆ ತಿಂಗಳು ಯಾರಿಗೆ ಫೋನು ಮಾಡಿದರೂ ಮೊದಲು ಒಂದು ಕೆಮ್ಮು, ಆಮೇಲೆ ಉಪದೇಶ. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳ ಭಾಷಣ, ನಾಲ್ಕೇ ಗಂಟೆಯ ನಂತರ ಇಡೀ ದೇಶಕ್ಕೆ 21 ದಿನ ಬೀಗ. ಆ ಬೀಗ ಏಪ್ರಿಲ್ 14ಕ್ಕೆ ತೆಗೆಯಲಿಲ್ಲ, ಮೇ 3ಕ್ಕೂ ತೆಗೆಯಲಿಲ್ಲ, ಮೇ ಮುಗಿಯುವವರೆಗೂ ಎಳೆಯಿತು. ಮನೆ ಬಾಡಿಗೆಗೆ ಕೊಟ್ಟವನು ಕೂಡ ಬಿಡಿಸಲು ಒಂದು ತಿಂಗಳ ನೋಟೀಸು ಕೊಡುತ್ತಾನೆ ಸ್ವಾಮಿ. ನೂರಮೂವತ್ತು ಕೋಟಿ ಜನರ ದುಡಿಮೆ ನಿಲ್ಲಿಸಲು ನಾಲ್ಕು ಗಂಟೆಯ ನೋಟೀಸು ಸಾಕಾಯಿತು.

ಆ ಉಪದೇಶ ಏನಿತ್ತು? ಮನೆಯಿಂದ ಹೊರಗೆ ಬರಬೇಡಿ ಅಂದರು. ದನಕ್ಕೆ ಹುಲ್ಲು ಮನೆಯೊಳಗೆ ಬೆಳೆಯುತ್ತದೆಯೇ? ಮನೆಯಿಂದಲೇ ಕೆಲಸ ಮಾಡಿ ಅಂದರು. ರಬ್ಬರು ಮರಕ್ಕೆ ಕತ್ತಿ ಹಾಕುವುದನ್ನು ಮನೆಯಲ್ಲಿ ಕೂತು ಮಾಡುವುದು ಹೇಗೆ? ಗಳಿಗೆಗೊಮ್ಮೆ ಸೋಪು ಹಾಕಿ ಕೈ ತೊಳೆಯಿರಿ ಅಂದರು. ಏಪ್ರಿಲ್ ತಿಂಗಳಲ್ಲಿ ಗುಡ್ಡದ ಮೇಲಿನ ಕಾಲೊನಿಗಳ ಬಾವಿ ತಳ ಕಾಣುವುದು, ಪಂಚಾಯತಿನ ನಳ್ಳಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುವುದು ಹೇಳಿದವರಿಗೆ ಗೊತ್ತಿರಲಿಲ್ಲ. ಆರು ಅಡಿ ದೂರ ಇರಿ ಅಂದರು. 2021ರ ಏಪ್ರಿಲ್ 27ರಿಂದ ಎರಡನೆಯ ಸಲ ಬಾಗಿಲು ಹಾಕಿದಾಗ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ತೆರೆಯಬಹುದು ಅಂತ ಆಜ್ಞೆಯಾಯಿತು. ಇಡೀ ದಿನ ಚದುರಿ ಬರುತ್ತಿದ್ದ ಜನ ಬಿ.ಸಿ.ರೋಡಿನಲ್ಲಿ, ಗುರುವಾಯನಕೆರೆಯಲ್ಲಿ, ಮೂಡುಬಿದಿರೆ ಪೇಟೆಯಲ್ಲಿ ನಾಲ್ಕು ಗಂಟೆಯೊಳಗೆ ಒಬ್ಬರ ಮೈಮೇಲೆ ಒಬ್ಬರು ಬಿದ್ದರು. ಗುಂಪು ಸೇರಬೇಡಿ ಅಂತ ಹೇಳಿದ ಆಜ್ಞೆಯೇ ಗುಂಪನ್ನು ಸೇರಿಸಿತು.

ಹಾಗಂತ ರೋಗ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೊರೊನಾ ಅಂದರೆ ಕಂಪೆನಿಗಳ ಆಟ, ಲಸಿಕೆ ಹಾಕಿಸಿಕೊಂಡರೆ ಹಾಗಾಗುತ್ತದೆ ಹೀಗಾಗುತ್ತದೆ ಅಂತ ಕಟ್ಟೆಯಲ್ಲಿ ಕೂತು ಮಾತಾಡಿದವರು ನಮ್ಮಲ್ಲೂ ಇದ್ದರು. ಅಂಥವರ ಪೈಕಿ ಕೆಲವರ ಮನೆಯಲ್ಲೇ 2021ರ ಮೇ ತಿಂಗಳಲ್ಲಿ ಆಮ್ಲಜನಕದ ಸಿಲಿಂಡರಿಗೆ ಓಡಾಟವಾಯಿತು. ಬಾಯಿಗೆ ಬಟ್ಟೆ ಕಟ್ಟಿದ್ದು ಸರಿ, ಗಾಳಿ ಆಡುವ ಜಾಗದಲ್ಲಿ ಇರಿ ಅಂದದ್ದು ಸರಿ, ಲಸಿಕೆ ಹಾಕಿಸಿದ್ದು ಸರಿ. ಮದ್ದು ಬಿಡದೆ ಕೊಳೆರೋಗವನ್ನು ಬೈಯುವವನನ್ನು ನಾವು ರೈತ ಅನ್ನುವುದಿಲ್ಲ. ನನ್ನ ತಕರಾರು ಎಚ್ಚರಿಕೆಯ ಮೇಲೆ ಅಲ್ಲ. ಎಚ್ಚರಿಕೆಯ ಬಿಲ್ಲನ್ನು ಯಾರ ಹೆಸರಿಗೆ ಬರೆದರು ಅನ್ನುವುದರ ಮೇಲೆ.

ಬಿಲ್ಲು ಯಾರ ಹೆಸರಿಗೆ?

ಮಾರ್ಚ್ ಅಂದರೆ ನಮ್ಮ ಅಂಗಳದಲ್ಲಿ ಅಡಿಕೆ ಒಣಗುವ ಕಾಲ, ಸೊಸೈಟಿಯ ಸಾಲದ ಗಡುವು ಹತ್ತಿರ ಬರುವ ಕಾಲ. ಅಡಿಕೆ ಮಾರಿ ಸಾಲ ಕಟ್ಟುವುದು, ಮರುದಿನ ಮತ್ತೆ ಸಾಲ ತೆಗೆಯುವುದು ನಮ್ಮ ಪಂಚಾಂಗ. ಆ ಹೊತ್ತಿಗೇ ಖರೀದಿ ಕೇಂದ್ರಗಳು ಮುಚ್ಚಿದವು. ಕ್ಯಾಂಪ್ಕೊ ಕೂಡ ಬಾಗಿಲು ಹಾಕಬೇಕಾಯಿತು, ಏಪ್ರಿಲಿನಲ್ಲಿ ತೆರೆದಾಗಲೂ ಇಷ್ಟೇ ತನ್ನಿ ಅಂತ ಮಿತಿ ಹಾಕಬೇಕಾಯಿತು. ಅಡಿಕೆ ಗೋಣಿಯಲ್ಲಿ ಕಾಯುತ್ತದೆ, ಅನಾನಸು ಕಾಯುವುದಿಲ್ಲ. ಅನಾನಸು, ಕಲ್ಲಂಗಡಿ, ತೊಂಡೆ, ಬೆಂಡೆ ಬೆಳೆದವರು ಲಾರಿಯಿಲ್ಲದೆ, ಸಂತೆಯಿಲ್ಲದೆ, ಮದುವೆ ಮುಂಜಿ ಇಲ್ಲದೆ ಬೆಳೆಯನ್ನು ಗದ್ದೆಯಲ್ಲೇ ಬಿಟ್ಟರು. ಬೀಡಿ ಬ್ರಾಂಚುಗಳಲ್ಲಿ ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ. ಬಂಟ್ವಾಳ, ಬೆಳ್ತಂಗಡಿಯ ಎಷ್ಟು ಸಣ್ಣ ಹಿಡುವಳಿಯ ಮನೆಗಳಲ್ಲಿ ಅಕ್ಕಿ, ಮೀನು, ಮಕ್ಕಳ ಪುಸ್ತಕ ಹೆಂಗಸರ ಬೀಡಿಯಿಂದ ಬರುತ್ತದೆ ಅಂತ ನಿಮಗೇ ಗೊತ್ತು.

ಸಾಲದ ವಿಚಾರಕ್ಕೆ ಬನ್ನಿ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಮೂರು ತಿಂಗಳು ಕಂತು ಕಟ್ಟಬೇಡಿ ಅಂದಿತು, ಆಮೇಲೆ ಆಗಸ್ಟ್ 31ರವರೆಗೆ ಎಳೆಯಿತು. ಕೇಳಲು ಚೆಂದ. ಆದರೆ ಕಂತು ನಿಂತಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಬಡ್ಡಿ ಮನೆಯಲ್ಲಿ ಕೂರಲಿಲ್ಲ, ಮಾಸ್ಕು ಹಾಕಲಿಲ್ಲ, ಹಗಲು ರಾತ್ರಿ ಓಡಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ನಾವು ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ ಅಕ್ಟೋಬರಿನಲ್ಲಿ ಯೋಜನೆ ಮಾಡಿತು. ಮನೆ ಸಾಲಕ್ಕೆ ಉಂಟು, ಕಾರಿನ ಸಾಲಕ್ಕೆ ಉಂಟು, ಫ್ರಿಜ್ಜು ಟಿವಿ ತೆಗೆದ ಸಾಲಕ್ಕೂ ಉಂಟು. ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ ಈ ಪಟ್ಟಿಯಲ್ಲಿ ಇಲ್ಲ ಅಂತ ಹಣಕಾಸು ಇಲಾಖೆಯೇ ವಿವರಣೆ ಕೊಟ್ಟಿತು. ಆ ಆರು ತಿಂಗಳಿಗೆ ಯಾರಿಂದಲೂ ಚಕ್ರಬಡ್ಡಿ ವಸೂಲು ಮಾಡಬಾರದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2021ರ ಮಾರ್ಚ್ 23ಕ್ಕೆ, ಒಂದು ವರ್ಷ ಕಳೆದ ಮೇಲೆ. ಪಿಎಂ ಕಿಸಾನಿನ ಎರಡು ಸಾವಿರ ರೂಪಾಯಿ ಕೊಟ್ಟೆವಲ್ಲ ಅಂತ ಹೇಳುತ್ತಾರೆ. ವರ್ಷಕ್ಕೆ ಆರು ಸಾವಿರದಲ್ಲಿ ಹೇಗೂ ಬರಬೇಕಾಗಿದ್ದ ಕಂತನ್ನು ಏಪ್ರಿಲಿಗೆ ಮೊದಲೇ ಹಾಕಿದರು, ಅಷ್ಟೆ. ನಮ್ಮ ಜೇಬಿನ ಎಡಗಡೆಯಿಂದ ತೆಗೆದು ಬಲಗಡೆಗೆ ಇಟ್ಟು ಪರಿಹಾರ ಅಂದರು.

ಕೊಡಲು ಆಗುವುದಿಲ್ಲ ಅಂತಲೇ? ಆಗುತ್ತದೆ. 2020ರ ಮೇ ತಿಂಗಳಲ್ಲಿ ಇದೇ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಕ್ಷೌರಿಕರಿಗೆ, ಅಗಸರಿಗೆ, ರಿಕ್ಷಾದವರಿಗೆ 5,000 ರೂಪಾಯಿ ಅಂತ ಘೋಷಿಸಿತು. ಮರುವರ್ಷ ಹೂವಿನ ಹೆಕ್ಟೇರಿಗೆ 10,000ಕ್ಕೆ ಇಳಿಸಿತು. ಮೊತ್ತ ಸಾಲದು, ತಲುಪಿದ್ದು ಇನ್ನೂ ಕಡಿಮೆ. ಆದರೆ ಆಜ್ಞೆಯಿಂದ ದುಡಿಮೆ ನಿಂತರೆ ಆಜ್ಞೆ ಮಾಡಿದವರು ಹಣ ಕೊಡಬೇಕು ಅನ್ನುವ ತತ್ವವನ್ನು ಅವರೇ ಒಪ್ಪಿದಂತಾಯಿತು. ಒಪ್ಪಿದ್ದನ್ನು ಮರೆಯಲು ಬಿಡಬೇಡಿ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಐದು ಜನ ಸೇರಬಾರದು ಅಂತ ಇದ್ದ ದಿನಗಳಲ್ಲೇ ಎಪಿಎಂಸಿ ಕಾಯ್ದೆಗೆ ಸುಗ್ರೀವಾಜ್ಞೆ ಬಂತು. ಜುಲೈಯಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳು ಸುಗ್ರೀವಾಜ್ಞೆಯಿಂದಲೇ ಹೋದವು, ಬೇಸಾಯ ಮಾಡದ ಹಣವಂತನೂ ಹೊಲ ಕೊಳ್ಳಬಹುದು ಅಂತಾಯಿತು. ರೈತನಿಗೆ ಅಂಗಳ ದಾಟಬಾರದು ಅಂದ ಸರ್ಕಾರ ಅವನ ಗದ್ದೆಯ ಬೇಲಿ ದಾಟಿತು.

ಓದಿ ಹೇಳದ ಕಲಮುಗಳು

ದೇಶಕ್ಕೆ ಬೀಗ ಹಾಕಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ. ಮೈಕು ಕಟ್ಟಿಕೊಂಡು ಬಂದ ಜೀಪು ನಮಗೆ ಓದಿ ಹೇಳಿದ್ದು ಅದರ ಶಿಕ್ಷೆಯ ಭಾಗ. 51ನೆಯ ಕಲಮಿನ ಪ್ರಕಾರ ಆಜ್ಞೆ ಮೀರಿದರೆ ಒಂದು ವರ್ಷದವರೆಗೆ ಜೈಲು, ಅದರಿಂದ ಜೀವಹಾನಿಯಾದರೆ ಎರಡು ವರ್ಷ. ಸರಿ. ಅದೇ ಕಾಯ್ದೆಯಲ್ಲಿ 2025ರ ತಿದ್ದುಪಡಿಯವರೆಗೆ 13ನೆಯ ಕಲಮು ಒಂದಿತ್ತು. ದೊಡ್ಡ ವಿಪತ್ತು ಬಂದಾಗ ಪೀಡಿತರಾದವರ ಸಾಲ ಮರುಪಾವತಿಯಲ್ಲಿ ರಿಯಾಯಿತಿ, ಸುಲಭ ಷರತ್ತಿನ ಹೊಸ ಸಾಲ ಕೊಡುವಂತೆ ರಾಷ್ಟ್ರೀಯ ಪ್ರಾಧಿಕಾರ ಶಿಫಾರಸು ಮಾಡಬಹುದು ಅಂತ ಅದರಲ್ಲಿ ಬರೆದಿತ್ತು. ಈ ಕಲಮನ್ನು ನಿಮ್ಮ ಊರಿನ ಯಾವ ಜೀಪಿನ ಮೈಕಿನಲ್ಲಾದರೂ ಕೇಳಿದ್ದೀರಾ? ಯಾವ ಫೋನಿನಲ್ಲಾದರೂ ಕೇಳಿದ್ದೀರಾ?

12ನೆಯ ಕಲಮಿನಲ್ಲಿ ಜೀವ ಹೋದರೆ ಪರಿಹಾರ ಅಂತ ಇದೆ. ಅದನ್ನು ಸರ್ಕಾರ ತಾನಾಗಿ ಕೊಡಲಿಲ್ಲ. ಕೊಡಲೇಬೇಕು ಅಂತ 2021ರ ಜೂನ್ 30ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಸತ್ತವರ ಮನೆಗೆ 50,000 ರೂಪಾಯಿ ಅಂತಾಯಿತು. ಸತ್ತರೆ ಹಣ ಉಂಟು. ಸಾಯದ ಹಾಗೆ ಮನೆಯಲ್ಲಿ ಕೂತವನಿಗೆ ಹಣ ಇಲ್ಲ! ಇದು ಎಂಥ ಮುನ್ನೆಚ್ಚರಿಕೆಯ ನೀತಿ?

ಬ್ರಿಟಿಷರು ಮುಂಬಯಿ ಪ್ಲೇಗಿನ ಕಾಲದಲ್ಲಿ, 1897ರಲ್ಲಿ, ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು. ನಾಲ್ಕೇ ಕಲಮುಗಳ ಕಾಯ್ದೆ, ದಬ್ಬಾಳಿಕೆಗೆ ಹೆಸರಾದದ್ದು. ಅದರ 2ನೆಯ ಕಲಮಿನಲ್ಲಿ ಕೂಡ ಆಗುವ ವೆಚ್ಚವನ್ನು, ಪರಿಹಾರವೂ ಸೇರಿದ ಹಾಗೆ, ಯಾರು ಹೇಗೆ ಭರಿಸಬೇಕು ಅಂತ ಸರ್ಕಾರ ಗೊತ್ತುಮಾಡಬಹುದು ಎಂಬ ಮಾತಿದೆ. ಪರದೇಶದ ದೊರೆಗಳಿಗೂ ಹೊಳೆದಿತ್ತು, ಆಜ್ಞೆಗೆ ಬೆಲೆ ಉಂಟು ಅಂತ. ಅವರು ಕೊಟ್ಟರೋ ಬಿಟ್ಟರೋ, ಬರೆದಾದರೂ ಇಟ್ಟರು. ನಮ್ಮವರು ಓದಿಯೂ ಹೇಳಲಿಲ್ಲ.

ನಿಡ್ಲೆ, ಕೊಕ್ಕಡದ ಹಳೇ ಬಾಕಿ

ಜನ ಆರೋಗ್ಯ ಇಲಾಖೆಯ ಮಾತನ್ನು ಯಾಕೆ ನಂಬುವುದಿಲ್ಲ ಅಂತ ಬೆಂಗಳೂರಿನವರು ಆಶ್ಚರ್ಯಪಡುತ್ತಾರೆ. ಬೆಳ್ತಂಗಡಿ ತಾಲೂಕಿಗೆ ಬಂದು ಕೇಳಲಿ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ. ಅದು ನಮ್ಮ ನಿಡ್ಲೆಯ ಕಾಡಿಗೆ ಬಂದದ್ದು 1982-83ರಲ್ಲಿ, ಗೇರು ತೋಟ ಮಾಡಲು ಹಳೆಯ ಕಾಡನ್ನು ಬೋಳಿಸಿದ ಹೊತ್ತಿನಲ್ಲಿ. ಕಾಡು ಕಡಿದ ಸುತ್ತಮುತ್ತಲ ಹಳ್ಳಿಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಜ್ವರ ಬಿದ್ದರು, ನೂರಕ್ಕೂ ಹೆಚ್ಚು ಜನ ಸತ್ತರು. ಆಗ ಬಂದ ಎಚ್ಚರಿಕೆ ಏನು? ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ಎಣ್ಣೆ ಹಚ್ಚಿ. ಡಿಸೆಂಬರಿನಿಂದ ಮೇವರೆಗೆ ಆ ಉಣ್ಣೆ ಕಾಡಿನಲ್ಲಿ ಹರಡುವ ಕಾಲ. ನಮ್ಮ ಹಟ್ಟಿಗೆ ತರಗೆಲೆ, ಸೊಪ್ಪು, ಒಲೆಗೆ ಸೌದೆ ತರುವ ಕಾಲವೂ ಅದೇ. ಹೋಗಬೇಡಿ ಅಂದವರು ಸೊಪ್ಪಿಗೆ ಬದಲು ಏನನ್ನೂ ಕೊಡಲಿಲ್ಲ. ಗೊಬ್ಬರಕ್ಕೆ ಸೊಪ್ಪು ಬೇಕಿತ್ತು, ಜನ ಹೋದರು.

ಅದೇ ಗೇರು ತೋಟಗಳಿಗೆ ಹೆಲಿಕಾಪ್ಟರು ಬಂತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಮೇಲೆ ಗೇರು ಅಭಿವೃದ್ಧಿ ನಿಗಮದವರು ಸುಮಾರು 1980ರಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಬಾವಿ ಇತ್ತು, ಹಟ್ಟಿ ಇತ್ತು, ಬಸುರಿ ಹೆಂಗಸರಿದ್ದರು. ದೇಶದಲ್ಲಿ ಆ ವಿಷವನ್ನು ನಿಲ್ಲಿಸಲು 2011ರಲ್ಲಿ ಸುಪ್ರೀಂ ಕೋರ್ಟು ಬರಬೇಕಾಯಿತು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷ ಎತ್ತಿ ಕೂರಿಸಿ ಉಣ್ಣಿಸಿದ ತಾಯಂದಿರು ಕೊಕ್ಕಡದಲ್ಲಿ ಈಗಲೂ ಇದ್ದಾರೆ. ಕಾಡು ಹೋದದ್ದು ನಿಗಮದ ಗೇರಿಗೆ, ಜ್ವರ ಬಂದದ್ದು ಹಳ್ಳಿಗೆ. ಬೀಜದ ಆದಾಯ ನಿಗಮಕ್ಕೆ, ಅಂಗವಿಕಲ ಮಗು ತಾಯಿಗೆ. ಇಂಥ ಲೆಕ್ಕ ಕಂಡ ಊರಿಗೆ 2020ರಲ್ಲಿ ಅದೇ ಸರ್ಕಾರದ ಸ್ವರ ಬಂದು ನಾವು ಹೇಳುವುದು ನಿಮ್ಮ ಒಳ್ಳೆಯದಕ್ಕೆ ಅಂದಾಗ ಜನ ಒಂದು ಗಳಿಗೆ ಸುಮ್ಮನೆ ಮುಖ ನೋಡಿದರೆ ತಪ್ಪೇನು?

ನಂಬಿಕೆ ಇಲ್ಲದ ಕಡೆ ಎಚ್ಚರಿಕೆ ಹೋಗಿ ಹೆದರಿಕೆ ಉಳಿಯುತ್ತದೆ. 2020ರ ಏಪ್ರಿಲಿನಲ್ಲಿ ಜಿಲ್ಲೆಯ ಮೊದಲ ಕೊರೊನಾ ಸಾವುಗಳು ಬಂಟ್ವಾಳದಲ್ಲೇ ಆದವು. ಒಂದು ಶವವನ್ನು ಮಂಗಳೂರಿನ ಪಚ್ಚನಾಡಿಯಲ್ಲಿ ಸುಡಲು ಜನ ಬಿಡಲಿಲ್ಲ. ಕಡೆಗೆ ರಾತ್ರಿ ಹೊತ್ತಿನಲ್ಲಿ ಬಂಟ್ವಾಳದ ಕೈಕುಂಜೆಯಲ್ಲಿ, ಅಲ್ಲೂ ವಿರೋಧದ ನಡುವೆ, ಸುಡಬೇಕಾಯಿತು. ಚಿತೆಯ ಹೊಗೆಯಿಂದ ಈ ರೋಗ ಬರುವುದಿಲ್ಲ ಅಂತ ಯಾರೂ ಕೂತು ತಿಳಿಸಿ ಹೇಳಲಿಲ್ಲ. ಕೈಗೆ ಮುದ್ರೆ ಒತ್ತಿದರು, ಬಾಗಿಲಿಗೆ ಚೀಟಿ ಅಂಟಿಸಿದರು. ಹೋರಾಡಬೇಕಾದದ್ದು ರೋಗದ ಮೇಲೆ, ರೋಗಿಯ ಮೇಲೆ ಅಲ್ಲ ಅಂತ ಫೋನು ಹೇಳುತ್ತಿತ್ತು. ಚೀಟಿ ಅಂಟಿಸಿದ ಮನೆಗೆ ಹಾಲು ಹಾಕುವವನೂ ಹೋಗಲಿಲ್ಲ. ಹೀಗಾದ ಮೇಲೆ ಜ್ವರ ಬಂದವರು ಪರೀಕ್ಷೆ ಮಾಡಿಸಿಕೊಳ್ಳದೆ ಕಷಾಯ ಕುಡಿದು ಅಡಗಿ ಕೂತರು. ಪರೀಕ್ಷೆಯಲ್ಲಿ ರೋಗ ಕಂಡರೆ ಹದಿನಾಲ್ಕು ದಿನದ ದುಡಿಮೆಯೂ ಹೋಯಿತು, ಮಾನವೂ ಹೋಯಿತು. ಇಷ್ಟು ದುಬಾರಿ ಚೀಟಿಯನ್ನು ಯಾವ ಬಡವ ಕೇಳಿ ಪಡೆಯುತ್ತಾನೆ?

ಆ ದಿನಗಳಲ್ಲಿ ಮನೆ ಮನೆ ಹತ್ತಿ ಇಳಿದವರು ಆಶಾ ಕಾರ್ಯಕರ್ತೆಯರು. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಅಂಗಳದಲ್ಲಿ ನಿಂತು ಮಾತಾಡಿದವರು ಅವರು. ಫೋನಿನ ಕೆಮ್ಮಿಗಿಂತ ಅವರ ಮಾತು ನೂರು ಪಾಲು ಕೆಲಸ ಮಾಡಿತು. ಅವರೂ 2020ರ ಜುಲೈ 10ರಿಂದ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರ ಕೂರಬೇಕಾಯಿತು. ಎಚ್ಚರಿಕೆ ಹೊತ್ತು ತಂದವಳ ಕೂಲಿಯನ್ನೇ ಕೊಡದವರು ಎಚ್ಚರಿಕೆ ಪಾಲಿಸಿದವನ ಕೂಲಿ ಕೊಡುತ್ತಾರೆಯೇ?

ಇನ್ನು ನಮ್ಮ ಲೆಕ್ಕ

ಇಲ್ಲಿಯವರೆಗೆ ಓದಿ ತಲೆದೂಗಿದಿರಿ. ಈಗ ಸ್ವಲ್ಪ ಕಷ್ಟದ ಮಾತು. ಕೋಪ ಮಾಡಿಕೊಳ್ಳಬೇಡಿ ಮಾರಾಯ್ರೆ.

ಕೊರೊನಾ ನಮ್ಮೆಲ್ಲರನ್ನೂ ಒಂದೇ ರೀತಿ ಹೊಡೆಯಲಿಲ್ಲ. 2020ರ ಸುರುವಿನಲ್ಲಿ ಕಿಲೋಗೆ ಮುನ್ನೂರಕ್ಕಿಂತ ಕೆಳಗಿದ್ದ ಅಡಿಕೆ 2021ರಲ್ಲಿ ಐನೂರು ಮುಟ್ಟಿತು. ಗಡಿಗಳು ಮುಚ್ಚಿ ಹೊರದೇಶದ ಕಳ್ಳ ಅಡಿಕೆ ಬರುವುದು ಕಡಿಮೆಯಾದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಎರಡು ತಿಂಗಳು ಅಡಿಕೆ ಹಿಡಿದಿಡುವ ತಾಕತ್ತು ಇದ್ದವನು ಗೆದ್ದ. ಅರ್ಧ ಎಕ್ರೆಯವನು, ಸಾಲದ ಗಡುವಿಗೆ ಹೆದರಿ ಸಿಕ್ಕಿದ ಬೆಲೆಗೆ ಕೊಟ್ಟವನು ಸೋತ. ನೆಲವೇ ಇಲ್ಲದವನ ವಿಚಾರ ಹೇಳುವುದೇ ಬೇಡ. ಆ ವರ್ಷ ಉದ್ಯೋಗ ಖಾತರಿಯ ದಿನಗೂಲಿ 275 ರೂಪಾಯಿ, ಅದೂ ಕೆಲಸ ಸಿಕ್ಕಿದರೆ.

2021ರ ಮೇ ಕೊನೆಗೆ ನನ್ನ ತೋಟಕ್ಕೆ ಮದ್ದು ಬಿಡುವವನು ಬಂದ. ಇಪ್ಪತ್ತು ವರ್ಷದಿಂದ ಬರುವವನು. ಕಣ್ಣು ಕೆಂಪಾಗಿತ್ತು, ಕೆಮ್ಮು ಇತ್ತು. ನಾನು ಅಂಗಳದಲ್ಲೇ ನಿಲ್ಲಿಸಿ, ಫೋನಿನಲ್ಲಿ ಕೇಳಿದ್ದನ್ನೇ ಹೇಳಿದೆ. ಹದಿನಾಲ್ಕು ದಿನ ಮನೆಯಲ್ಲಿ ಕೂತುಕೋ, ಪರೀಕ್ಷೆ ಮಾಡಿಸು, ಯಾರ ಹತ್ತಿರವೂ ಹೋಗಬೇಡ ಅಂದೆ. ಅವನು ಕೇಳಿದ, "ಕುಲ್ಲುಂಡ ಸಂಬಳ ಏರ್ ಕೊರ್ಪೆರ್ ಧಣಿ?" ಕೂತರೆ ಸಂಬಳ ಯಾರು ಕೊಡುತ್ತಾರೆ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇತ್ತು, ಕೊಡಲಿಲ್ಲ ಅನ್ನುವುದೇ ಸರಿ. ಮನೆಯೊಳಗೆ ಅಡಿಕೆ ಇತ್ತು, ಬೆಲೆ ಏರುತ್ತಾ ಇತ್ತು. ಅವನು ಪಂಪು ಎತ್ತಿಕೊಂಡು ಹೋದ. ಮರುದಿನ ಆಚೆ ಬೈಲಿನ ತೋಟದಲ್ಲಿ ಮರ ಹತ್ತಿದ್ದ. ಆ ವಾರ ಆ ಬೈಲಿನಲ್ಲಿ ಮೂರು ಮನೆಗೆ ಜ್ವರ. ಅವನಿಂದಲೇ ಬಂತು ಅಂತ ನಾನು ಹೇಳಲಾರೆ. ಅವನನ್ನು ಅಲ್ಲಿಗೆ ಕಳಿಸಿದ್ದು ನಾನು ಅಂತ ಮಾತ್ರ ಹೇಳಬಲ್ಲೆ.

ಸರ್ಕಾರ ನಮಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದೆ. ಆಜ್ಞೆ ಕೊಟ್ಟೆ, ಬೆಲೆ ಕೊಡಲಿಲ್ಲ. ನೀವು ಯಾರೂ ಹೀಗೆ ಮಾಡಿಲ್ಲ ಅಂತ ಎದೆ ಮುಟ್ಟಿ ಹೇಳುವಿರಾದರೆ ಸಂತೋಷ. ಸಾಮಾಜಿಕ ಅಂತರ ಅನ್ನುವ ಮಾತನ್ನು ಎಷ್ಟು ಬೇಗ ಕಲಿತೆವು ನೋಡಿ. ಕೆಲಸದವರಿಗೆ ಅಂಗಳದಾಚೆ ಎಲೆ ಹಾಕುವ, ಮೇಲಿನಿಂದ ನೀರು ಹೊಯ್ಯುವ ಹಳೇ ಚಾಳಿ ನಮ್ಮ ಕೆಲವು ಮನೆಗಳಲ್ಲಿ ಪೂರ್ತಿ ಸತ್ತಿರಲಿಲ್ಲ. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಸಿಕ್ಕಿತು ಅಂತ ಒಳಗೊಳಗೆ ಖುಷಿಪಟ್ಟವರು ಇರಲಿಲ್ಲವೇ? ರೋಗಕ್ಕೆ ಬೇಕಾದದ್ದು ಮೈಗೂ ಮೈಗೂ ಆರು ಅಡಿ, ಜಾತಿಗೂ ಜಾತಿಗೂ ಅಲ್ಲ.

ವೈಜ್ಞಾನಿಕ ಬೆಲೆ ಕೇಳುವಾಗ ನಾವು ಏನು ಹೇಳುತ್ತೇವೆ? ನಮ್ಮ ಖರ್ಚು ಸೇರಿಸಿ ಬೆಲೆ ಕಟ್ಟಿ ಅನ್ನುತ್ತೇವೆ. ಜ್ವರ ಬಂದ ಕೂಲಿಯವನು ಮನೆಯಲ್ಲಿ ಕೂರುವ ಖರ್ಚು ನಮ್ಮ ಫಸಲಿನ ಖರ್ಚಲ್ಲವೇ? ಮೈಲುತುತ್ತಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಬೇಕು.

ಏನು ಮಾಡಬೇಕು?

ಇನ್ನೊಂದು ಮಹಾಮಾರಿ ಬರುವುದಿಲ್ಲ ಅಂತ ಯಾರೂ ಬರೆದುಕೊಡಲಾರರು. ಬರುವ ಮೊದಲೇ ಮದ್ದು ಬಿಡಬೇಕು. ಗ್ರಾಮಸಭೆಯಲ್ಲಿ, ಸೊಸೈಟಿಯ ಮಹಾಸಭೆಯಲ್ಲಿ ಎದ್ದು ನಿಂತು ಇವನ್ನು ಠರಾವು ಮಾಡಿಸಿ.

ಒಂದು: ಮನೆಯಲ್ಲಿರಿ ಎಂಬ ಪ್ರತಿ ಆಜ್ಞೆಯ ಜೊತೆಗೆ ಕೂತ ದಿನಕ್ಕೆ ಎಷ್ಟು ಹಣ, ಯಾರು ಕೊಡುತ್ತಾರೆ ಅಂತ ಅದೇ ಕಾಗದದಲ್ಲಿ ಬರೆದಿರಬೇಕು. ಉದ್ಯೋಗ ಖಾತರಿಯ ಕೂಲಿಗಿಂತ ಅದು ಕಡಿಮೆ ಇರಬಾರದು.

ಎರಡು: ಸರ್ಕಾರದ ಆಜ್ಞೆಯಿಂದ ಮಾರಾಟ ನಿಂತ ದಿನಗಳಿಗೆ ಬೆಳೆ ಸಾಲದ ಕಂತು ಮಾತ್ರವಲ್ಲ, ಬಡ್ಡಿಯೂ ನಿಲ್ಲಬೇಕು. 13ನೆಯ ಕಲಮಿನಲ್ಲಿ "ಮಾಡಬಹುದು" ಅಂತ ಇದ್ದದ್ದನ್ನು "ಮಾಡಬೇಕು" ಅಂತ ತಿದ್ದಿ ಕಾಯ್ದೆಗೆ ಮತ್ತೆ ಸೇರಿಸಬೇಕು. 

ಮೂರು: ಸಹಕಾರಿ ಖರೀದಿ ಕೇಂದ್ರ, ಹಾಲಿನ ಡಿಪೋ, ಗೊಬ್ಬರ ಮತ್ತು ಮೈಲುತುತ್ತಿನ ಅಂಗಡಿ ಆಸ್ಪತ್ರೆಯ ಹಾಗೆಯೇ ಅಗತ್ಯ ಸೇವೆ ಅಂತ ಮೊದಲೇ ಘೋಷಿಸಿರಬೇಕು. ದಿನವಿಡೀ ತೆರೆದಿರಲಿ, ಊರುವಾರು ದಿನ ಹಂಚಲಿ.

ನಾಲ್ಕು: ಎಚ್ಚರಿಕೆ ಹೇಳುವವರು ನಮ್ಮ ಊರಿನವರಾಗಿರಲಿ, ನಮ್ಮ ಭಾಷೆಯಲ್ಲಿ ಹೇಳಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿ. ಅವರಿಗೆ ಸಂಬಳ ಸಿಗಲಿ.

ಐದನೆಯದು ಸರ್ಕಾರಕ್ಕೆ ಅಲ್ಲ, ನಮಗೆ. ಅಡಿಕೆ ಕಿಲೋಗೆ ಒಂದು ರೂಪಾಯಿ ಜ್ವರನಿಧಿ ಅಂತ ಸೊಸೈಟಿಯಲ್ಲೇ ಹಿಡಿಯೋಣ. ಲೆಕ್ಕ ಹಾಕಿ ನೋಡಿ. ಒಂದು ಗ್ರಾಮದಲ್ಲಿ ಇನ್ನೂರು ತೋಟ, ತೋಟಕ್ಕೆ ಹತ್ತು ಕ್ವಿಂಟಾಲು ಅಂತ ಇಟ್ಟುಕೊಂಡರೆ ವರ್ಷಕ್ಕೆ ಎರಡು ಲಕ್ಷ ರೂಪಾಯಿ. ಜ್ವರ ಬಂದ ಕೂಲಿಯವನಿಗೆ ದಿನಕ್ಕೆ 500ರ ಹಾಗೆ ಐದು ದಿನ ಕೊಟ್ಟರೆ 2,500. ಎಂಬತ್ತು ಜನರನ್ನು ಮನೆಯಲ್ಲಿ ಕೂರಿಸಬಹುದು. ನಿಮ್ಮ ಪಾಲಿಗೆ ಬಂದದ್ದು ವರ್ಷಕ್ಕೆ ಒಂದು ಸಾವಿರ. ಇದು ದಾನ ಅಲ್ಲ. ಪಕ್ಕದ ತೋಟಕ್ಕೆ ಮದ್ದು ಬಿಡಿಸಿ ನಮ್ಮ ತೋಟ ಉಳಿಸಿಕೊಳ್ಳುವ ಲೆಕ್ಕ.

ನಮ್ಮಿಂದ ಆಗುತ್ತದೆಯೇ ಅಂತ ಕೇಳಬೇಡಿ. ಅಡಿಕೆ ಬೆಲೆ ನೆಲ ಕಚ್ಚಿದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಆಗಲೂ ಆಗುವುದಿಲ್ಲ ಅಂದವರಿದ್ದರು. ನಮ್ಮ ಬೆಳೆಗೆ ನಾವೇ ಮಾರುಕಟ್ಟೆ ಕಟ್ಟಿದ ಜನ, ನಮ್ಮ ಕೆಲಸದವನ ಐದು ದಿನದ ಜ್ವರಕ್ಕೆ ಒಂದು ಡಬ್ಬಿ ಕಟ್ಟಲಾರೆವೇ?

ಈ ಸಲ ಮಳೆಗೆ ಮೊದಲು ಮದ್ದು ಬಿಡುವವನು ಬಂದಾಗ ಅವನ ಮುಖ ನೋಡಿ. ಜ್ವರ ಇದ್ದರೆ ಕೂತುಕೋ ಅನ್ನಿ, ಕೂತ ದಿನದ ಸಂಬಳ ಕೈಗೆ ಕೊಟ್ಟು ಅನ್ನಿ. ಆಮೇಲೆ ತಾಲೂಕು ಕಚೇರಿಗೆ ಹೋಗೋಣ. ಬಾಕಿ ಕೇಳಲು ಹೋಗುವವನ ಕೈಯಲ್ಲಿ ಮೊದಲು ತಾನು ಕೊಟ್ಟ ರಶೀದಿ ಇರಬೇಕು.